ಅಜ್ಜಿ-ಮೊಮ್ಮಕ್ಕಳ ನಡುವೆ ದುಭಾಷಿ ಯಾಕೆ?



ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮುಂಬಯಿಯ ನಮ್ಮವರ ಮನೆಗಳಲ್ಲೆಲ್ಲ ಒಂದೇ ಮಾತು: "ಮಕ್ಕಳಿಗೆ ರಜೆ ಸಿಕ್ಕಿದ ಮೇಲೆ ಊರಿಗೆ ಹೊರಡುವುದು ಯಾವಾಗ?" 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗುವ ಮುನ್ನ, ವಾಂತಿ ಮಾಡುವ ಮಕ್ಕಳನ್ನು ಸಂಭಾಳಿಸಿಕೊಂಡು, ಬಸ್ಸಿನಲ್ಲಿ ಘಾಟಿ ಹತ್ತಿಳಿದು ಕರಾವಳಿ ಸೇರುತ್ತಿದ್ದವರು ನಾವು. ಈಗ ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ, ಮಂಗಳೂರು. ಊರು ಹತ್ತಿರವಾಯಿತು, ನಿಜ. ಊರಿನಲ್ಲಿರುವ ಅಜ್ಜಿ ಹತ್ತಿರವಾದರೇ?

ಪರಿಚಯದ ಮನೆಯೊಂದರಲ್ಲಿ ಕಂಡದ್ದು ಹೇಳುತ್ತೇನೆ. ಅಜ್ಜಿ ಮೊಮ್ಮಗನ ತಲೆ ನೇವರಿಸಿ, "ಹಸಿವಾಯಿತಾ ಮಗಾ?" ಎಂದರು. ಹುಡುಗ ತಾಯಿಯ ಮುಖ ನೋಡಿದ. ತಾಯಿ ಹಿಂದಿಯಲ್ಲಿ ಕೇಳಿದಳು, ಮಗ ಹಿಂದಿಯಲ್ಲಿ ಉತ್ತರಿಸಿದ, ತಾಯಿ ಅದನ್ನು ಕನ್ನಡದಲ್ಲಿ ಅತ್ತೆಗೆ ಹೇಳಿದಳು. ಮೂರ್ನಾಲ್ಕು ದಿನ ಹೀಗೆಯೇ ನಡೆಯಿತು. ಆಮೇಲೆ ಅಜ್ಜಿ ಮೊಮ್ಮಗನನ್ನು ಕೇಳುವುದನ್ನೇ ಬಿಟ್ಟರು. "ಅವನಿಗೆ ಏನು ಬೇಕಂತೆ?" ಎಂದು ಸೊಸೆಯನ್ನೇ ಕೇಳತೊಡಗಿದರು. ಹುಡುಗ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತ. ಇದರಲ್ಲಿ ಯಾರನ್ನು ದೂರೋಣ? ಆದರೆ ನಷ್ಟ ಇಬ್ಬರಿಗೂ ಆಯಿತು. ಅಜ್ಜಿಯ ವಯಸ್ಸು ಮುಂದಿನ ರಜೆಗೆಂದು ಕಾಯುವಂಥದ್ದಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಹಾಗಾದರೆ ಮಾಡುವುದೇನು?

ಮೊದಲನೆಯದು ತಾರೀಕಿನ ಲೆಕ್ಕ. ಮಹಾರಾಷ್ಟ್ರ ಬೋರ್ಡಿನ ನಮ್ಮ ಶಾಲೆಗಳಿಗೆ ರಜೆ ಸಿಗುವುದು ಮೇ ಆರಂಭದ ಹೊತ್ತಿಗೆ; ಶಾಲೆ ಮತ್ತೆ ತೆರೆಯುವುದು ಜೂನ್ ಮಧ್ಯದಲ್ಲಿ. ಕರ್ನಾಟಕದಲ್ಲಾದರೋ ಏಪ್ರಿಲ್ ಎರಡನೆಯ ವಾರದಲ್ಲೇ ರಜೆ ಆರಂಭವಾಗಿ, ಮೇ ಕೊನೆಗೆ ಶಾಲೆ ತೆರೆಯುತ್ತದೆ. ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು ಜೊತೆಗೆ ಸಿಗುವುದು ಮೇ ತಿಂಗಳ ನಾಲ್ಕು ವಾರ ಮಾತ್ರ. ಮಕ್ಕಳು ಭಾಷೆ ಕಲಿಯುವುದು ಮಕ್ಕಳಿಂದಲೇ, ಆಟದ ಜಗಳದಲ್ಲಿ. ಮೇ ಕೊನೆಗೆ ಹೋದವರಿಗೆ ಮಳೆ ಸಿಕ್ಕೀತು, ಒಡನಾಡಿಗಳು ಸಿಗಲಾರರು. 2024ರ ನವೆಂಬರಿನಿಂದ ರೈಲ್ವೆ ಮುಂಗಡ ಟಿಕೆಟನ್ನು 120 ದಿನದ ಬದಲು 60 ದಿನ ಮೊದಲು ಕೊಡುತ್ತಿದೆ. ಮೇ 5ರ ಪ್ರಯಾಣಕ್ಕೆ ಮಾರ್ಚ್ 6ರಂದೇ ಕುಳಿತುಕೊಳ್ಳಿ.

ಎರಡನೆಯದು, ಹೊರಡುವ ಮುನ್ನ ಸ್ವಲ್ಪ ತಯಾರಿ. ಕನ್ನಡ ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ. ದಿನಕ್ಕೆ ಎರಡರಂತೆ ಕಲಿಸಿದರೆ 25 ದಿನಗಳಲ್ಲಿ ಮುಗಿಯುತ್ತದೆ. ಕಾಗುಣಿತ ಆಮೇಲೆ ಬರಲಿ. ಊರಿನ ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಕೂಡಿಸಿ ಓದಲು ಬಂದರೆ ಮಗುವಿಗೆ ಅದೇ ಹುರುಪು. ದೇವನಾಗರಿ ಬಲ್ಲ ನಮ್ಮ ಮಕ್ಕಳಿಗೆ ಅಕ್ಷರಗಳ ಕ್ರಮ ಹೆಚ್ಚುಕಡಿಮೆ ಮೊದಲೇ ಗೊತ್ತಿದೆ; ಮುಖ್ಯವಾಗಿ ಕಲಿಯಬೇಕಾದದ್ದು ಆಕಾರ.

ಮೂರನೆಯದೇ ಮುಖ್ಯ. ಊರಿಗೆ ಹೋದ ಮೇಲೆ ತಂದೆತಾಯಿಯರು ದುಭಾಷಿಯ ಕೆಲಸಕ್ಕೆ ರಾಜೀನಾಮೆ ಕೊಡಬೇಕು. ಮಗು ನಿಮ್ಮ ಮುಖ ನೋಡಿದಾಗ, "ಅಜ್ಜಿಯನ್ನೇ ಕೇಳು" ಎಂದು ಎದ್ದು ಹೋಗಿ. ಮೊದಲೆರಡು ದಿನ ಕೈಸನ್ನೆಯಲ್ಲಿ ನಡೆದೀತು, ತಪ್ಪುತಪ್ಪಾಗಿ ನಡೆದೀತು. ನಡೆಯಲಿ. ತಪ್ಪು ಮಾತಾಡಿದ ಮಗುವನ್ನು ನೋಡಿ ದೊಡ್ಡವರು ನಗಬಾರದು, ಅಷ್ಟೇ. ಒಮ್ಮೆ ನಾಚಿಕೊಂಡ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ.

ಮಾತಿಗೆ ನೆಪ ಬೇಡವೇ? ಅದಕ್ಕೆ ಕೆಲಸಕ್ಕಿಂತ ಒಳ್ಳೆಯ ನೆಪವಿಲ್ಲ. ಮೇ ತಿಂಗಳೆಂದರೆ ಹಲಸಿನ ಹಪ್ಪಳದ ಕಾಲ. ಕಾಯಿ ಕೊಯ್ದು, ಕೈಗೆ ಎಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸುವವರೆಗೆ ಎಷ್ಟು ಕೈಗಳಿದ್ದರೂ ಸಾಲದು. ಉಂಡೆ ಎಣಿಸಿ ಕೊಡುವುದು, ಕಾಗೆ ಓಡಿಸುವುದು ಆರು ವರ್ಷದ ಮಗುವಿಗೂ ಆಗುವ ಕೆಲಸ. ಮೇಣ, ಸೊಳೆ, ಚಾಪೆ, ಬಿಸಿಲು, ಒಂದರಿಂದ ನೂರರವರೆಗಿನ ಎಣಿಕೆ, ಎಲ್ಲವೂ ಪುಸ್ತಕವಿಲ್ಲದೆ ಬಾಯಿಗೆ ಬರುತ್ತವೆ. ಮಳೆಗಾಲದಲ್ಲಿ ಮುಂಬಯಿಯ ಮನೆಯಲ್ಲಿ ಆ ಹಪ್ಪಳ ಕರಿಯುವಾಗ, ಮಗುವಿನಿಂದಲೇ ಅಜ್ಜಿಗೆ ಫೋನು ಮಾಡಿಸಿ. "ನಾನು ಒತ್ತಿದ ಹಪ್ಪಳ ತಿಂದೆ ಅಜ್ಜಿ" ಎಂಬ ಒಂದು ವಾಕ್ಯ ಅದಕ್ಕೆ ಬಂದರೆ ಆ ರಜೆ ಸಾರ್ಥಕ.

ಈ ಸಲ ಊರಿಗೆ ಹೋಗಲಾಗದವರು ನಿರಾಶರಾಗಬೇಕಿಲ್ಲ. ನಿಮ್ಮ ಕಟ್ಟಡದಲ್ಲೋ ಪಕ್ಕದ ಗಲ್ಲಿಯಲ್ಲೋ ಹಗಲೆಲ್ಲ ಒಬ್ಬರೇ ಇರುವ ಕನ್ನಡದ ಹಿರಿಯರು ಇದ್ದೇ ಇರುತ್ತಾರೆ. ಸಂಜೆ ಅರ್ಧ ಗಂಟೆ ಮಕ್ಕಳನ್ನು ಅವರ ಬಳಿ ಕಳುಹಿಸಿ. ಮಕ್ಕಳಿಗೆ ಕತೆ ಸಿಗುತ್ತದೆ, ಅವರಿಗೆ ಕಿವಿಗಳು ಸಿಗುತ್ತವೆ.

ನಿಮ್ಮ ಪ್ರಯಾಣ ಸುಖಕರವಾಗಲಿ. ಊರಿನ ಅಜ್ಜ-ಅಜ್ಜಿಯರಿಗೆ ನಮ್ಮ ನಮಸ್ಕಾರ ತಿಳಿಸಿ; ನೀವಲ್ಲ, ನಿಮ್ಮ ಮಕ್ಕಳೇ ತಿಳಿಸಲಿ.