ಸಂಬಳ ಎಷ್ಟು ಅಂತ ಕೇಳಬೇಡಿ, ರೂಮು ಯಾರದ್ದು ಅಂತ ಕೇಳಿ

ದುಬೈಗೆ ಹೊರಟ ಹುಡುಗನಿಗೆ ನಮ್ಮ ಊರುಗಳಲ್ಲಿ ಕೇಳೋದು ಒಂದೇ ಪ್ರಶ್ನೆ: ಸಂಬಳ ಎಷ್ಟು? ಅವನು ದಿರ್ಹಮ್‌ನಲ್ಲಿ ಹೇಳುತ್ತಾನೆ, ಕೇಳಿದವರು ಮೊಬೈಲ್ ತೆಗೆದು 24ರಿಂದ ಗುಣಿಸುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯಿತು. ಸಾಲ ಕೊಡುವವರು, ಹೆಣ್ಣು ಕೊಡುವವರು, ಹೊಸ ಮನೆಗೆ ಪಾಯ ತೆಗೆಸುವವರು ಎಲ್ಲರೂ ನಂಬುವುದು ಈ ಗುಣಾಕಾರವನ್ನೇ.

ಈ ಲೆಕ್ಕ ಸುಳ್ಳು ಅಂತ ನಾವು ಹೇಳುತ್ತೇವೆ. ಗುಣಿಸುವ ಮೊದಲು ಕಳೆಯಬೇಕು. ಅಲ್ಲಿ ಎಲ್ಲಕ್ಕಿಂತ ಮೊದಲು ಕಳೆಯಬೇಕಾದದ್ದು ಬಾಡಿಗೆ.

ಒಂದು ಉದಾಹರಣೆ ಹಾಕಿ ನೋಡೋಣ. ಸಂಬಳ 1,800 ದಿರ್ಹಮ್, ರೂಮು ನಿಮ್ಮದೇ ಅಂತಿಟ್ಟುಕೊಳ್ಳಿ. ಏಜೆಂಟನ ಲೆಕ್ಕದಲ್ಲಿ ಇದು 43,200 ರೂಪಾಯಿ. ಈಗ ಕಳೆಯಿರಿ. ಹಂಚಿಕೊಂಡ ರೂಮಿನಲ್ಲಿ ಒಂದು ಮಂಚಕ್ಕೆ 700. ಊಟಕ್ಕೆ 450. ಬಸ್ಸು, ಮೆಟ್ರೊದ ಎರಡು ವಲಯದ ತಿಂಗಳ ಪಾಸು 230. ಫೋನು, ಸೋಪು, ಕಟಿಂಗು ಸೇರಿ 120. ಉಳಿದದ್ದು 300 ದಿರ್ಹಮ್, ಅಂದರೆ 7,200 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಇಪ್ಪತ್ತು ದಿನ ಕೆಲಸ ಮಾಡಿದರೆ 7,400!

ಇನ್ನೊಬ್ಬನಿಗೆ ಸಂಬಳ ಬರೀ 1,200. ಆದರೆ ರೂಮು, ಕೆಲಸಕ್ಕೆ ಹೋಗಿಬರುವ ಬಸ್ಸು ಎರಡೂ ಕಂಪನಿಯದ್ದು. ಊಟ, ಕೈಖರ್ಚು ಕಳೆದರೆ ಅವನಿಗೆ 630 ದಿರ್ಹಮ್ ಉಳಿಯುತ್ತದೆ. ಅದು 15,120 ರೂಪಾಯಿ. ಊರಿನ ಕಣ್ಣಿಗೆ 1,800ರವನು ಸಾಹುಕಾರ, 1,200ರವನು ಪಾಪದವನು. ಮನೆಗೆ ದುಪ್ಪಟ್ಟು ಕಳಿಸುತ್ತಿರುವವನು ಈ ಪಾಪದವನೇ.

'ಹಾಗಾದರೆ ಅಗ್ಗದ ಒಂದು ಮನೆ ಮಾಡಿಕೊಳ್ಳಬಾರದಾ?' ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಬಾಡಿಗೆ ಮಾತಾಡುವುದು ವರ್ಷದ ಲೆಕ್ಕದಲ್ಲಿ. ವರ್ಷದ ಬಾಡಿಗೆಯನ್ನು ಕೆಲವೇ ಚೆಕ್‌ಗಳಲ್ಲಿ, ಮುಂದಿನ ತಾರೀಖು ಹಾಕಿ, ಮೊದಲೇ ಬರೆದುಕೊಡುವುದು ವಾಡಿಕೆ. ಅದರ ಮೇಲೆ ಸಾಮಾನ್ಯವಾಗಿ ಬಾಡಿಗೆಯ ಶೇ. 5ರಷ್ಟು ಠೇವಣಿ, ಬ್ರೋಕರ್‌ಗೆ ಇನ್ನೊಂದು ಶೇ. 5. ಕರೆಂಟು, ನೀರಿಗೆ ಫ್ಲ್ಯಾಟಿನವರು 2,000 ದಿರ್ಹಮ್ ಠೇವಣಿ ಇಡಬೇಕು. ವರ್ಷದ ಬಾಡಿಗೆಯ ಶೇ. 5ರಷ್ಟು ನಗರಸಭೆಯ ಶುಲ್ಕ ತಿಂಗಳ ಬಿಲ್ಲಿನಲ್ಲೇ ಸೇರಿ ಬರುತ್ತದೆ. 1,800 ಸಂಬಳದವನು ಈ ಬಾಗಿಲ ಹತ್ತಿರವೂ ಹೋಗಲಾರ.

ಅದಕ್ಕೇ ಅವನು ಮಂಚ ಹಿಡಿಯುತ್ತಾನೆ. ಯಾರೋ ಒಬ್ಬರು ಫ್ಲ್ಯಾಟ್ ಬಾಡಿಗೆಗೆ ಹಿಡಿದು, ಹಾಲ್‌ಗೆ ಪ್ಲೈವುಡ್ ಅಡ್ಡ ಹೊಡೆಸಿ, ಮಂಚದ ಲೆಕ್ಕದಲ್ಲಿ ಕೊಡುತ್ತಾರೆ. ದುಬೈಯಲ್ಲಿ ಬಾಡಿಗೆ ಕರಾರನ್ನು 'ಇಜಾರಿ' ಅಂತ ನೋಂದಣಿ ಮಾಡಿಸಬೇಕು. ಅದರಲ್ಲಿ ಈ ಮಂಚದವನ ಹೆಸರೇ ಇಲ್ಲದಿದ್ದರೆ, ಬಾಡಿಗೆ ಏರಿಸಿದರೂ ಹೊರಗೆ ಹಾಕಿದರೂ ಯಾವ ಕಾಗದ ತೋರಿಸುತ್ತಾನೆ? 2025ರ ಜೂನ್‌ನಲ್ಲಿ ದುಬೈ ನಗರಸಭೆ ಅಲ್ ರಿಗ್ಗಾ, ಸತ್ವಾ, ಅಲ್ ಬರ್ಶಾದಂಥ ಕಡೆ ಅಕ್ರಮ ಪಾರ್ಟಿಷನ್‌ಗಳ ಮೇಲೆ ಕ್ರಮಕ್ಕೆ ಇಳಿಯಿತು. ಬೆಂಕಿ ಬಿದ್ದರೆ ಜನ ಸಾಯುತ್ತಾರೆ ಅನ್ನೋದು ಕಾರಣ. ಕಾರಣ ಸರಿಯೇ. ಆದರೆ ಪ್ಲೈವುಡ್ ಕಿತ್ತ ರಾತ್ರಿ ಅದರ ಹಿಂದೆ ಮಲಗುತ್ತಿದ್ದವನು ಎಲ್ಲಿಗೆ ಹೋಗಬೇಕು?

ಅಲ್ಲಿ ಒಂದು ನಿಯಮ ಇದೆ: 50 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿ, ತಿಂಗಳಿಗೆ 1,500 ದಿರ್ಹಮ್‌ಗಿಂತ ಕಡಿಮೆ ಸಂಬಳದವರಿಗೆ ವಸತಿ ಕೊಡಬೇಕು. 1,800ಕ್ಕೆ ಖುಷಿಪಟ್ಟು ಸಹಿ ಹಾಕಿದವನು ಈ ನಿಯಮದ ಹೊರಗೆ. ಸಂಬಳದ ಅಂಕಿ ದಪ್ಪಕ್ಷರದಲ್ಲಿ ಹಾಕಿ ವಸತಿ ವಿಷಯ ನುಂಗುವ ಏಜೆಂಟರಿಗೆ ಇದು ಗೊತ್ತಿಲ್ಲ ಅಂತ ನಾವು ನಂಬೋದಿಲ್ಲ.

ಹೋಗಬೇಡಿ ಅಂತ ನಾವು ಹೇಳುತ್ತಿಲ್ಲ. ಭಟ್ಕಳ, ಕುಂದಾಪುರ, ಮಂಗಳೂರು ಕಡೆ ಕೊಲ್ಲಿಯ ದುಡಿಮೆಯಿಂದ ಎಷ್ಟೋ ಮನೆಗಳು ಎದ್ದಿವೆ. ಲೆಕ್ಕ ಮಾಡಿ ಹೋಗಿ ಅನ್ನುತ್ತೇವೆ. ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ರೂಮು ಕಂಪನಿಯದ್ದಾ, ಅದು ಕರಾರಿನಲ್ಲಿ ಬರೆದಿದೆಯಾ? ರೂಮಿನಿಂದ ಕೆಲಸಕ್ಕೆ ಬಸ್ಸು ಯಾರದ್ದು? ಊಟ ಯಾರದ್ದು? ಬಾಯಿಮಾತಿನ 'ಎಲ್ಲಾ ಇದೆ' ಲೆಕ್ಕಕ್ಕಿಲ್ಲ. ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತನಾ ನೋಡಿ. ನೋಂದಾಯಿತನಾದರೂ ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ.

ಸರ್ಕಾರಕ್ಕೂ ಒಂದು ಮಾತು. ಯುಎಇ ಕೆಲಸದ ಕರಾರನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನ ಭಾಷೆಯಲ್ಲೂ ಕೊಡಲು ಆರಿಸಿದ ಭಾಷೆಗಳಲ್ಲಿ ಹಿಂದಿ, ಮಲಯಾಳ, ತಮಿಳು ಇವೆ. ಕನ್ನಡ ಇಲ್ಲ. ಕೇರಳ 1996ರಲ್ಲೇ ಹೊರದೇಶದಲ್ಲಿರುವ ತನ್ನ ಜನರಿಗಾಗಿ ನೋರ್ಕಾ ಎಂಬ ಇಲಾಖೆ ಮಾಡಿತು. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ. ಅದು ಬೆಂಗಳೂರಿನಿಂದ ತಾಲ್ಲೂಕಿಗೆ ಇಳಿದು ಬರಲಿ, ಕರಾರನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬರನ್ನು ಕೂರಿಸಲಿ.

ಕೊನೆಗೆ ಮನೆಯವರಿಗೆ. ಮಗ ಈ ತಿಂಗಳು ಕಡಿಮೆ ಕಳಿಸಿದರೆ 'ಅಷ್ಟು ಸಂಬಳ ಎಲ್ಲಿ ಹೋಯ್ತು?' ಅಂತ ಹಂಗಿಸಬೇಡಿ. ಅದು ಬಾಡಿಗೆಗೆ ಹೋಯಿತು. ಅವನು ನಾಚಿಕೆಪಟ್ಟು ಹೇಳುತ್ತಿಲ್ಲ, ಅಷ್ಟೇ.