‘ಈ ಮಾತ್ರೆ ತಗೊಂಡು ಗಾಡಿ ಓಡಿಸಬೇಡಿ’ ಅನ್ನೋಕೆ ಎಷ್ಟು ಹೊತ್ತು ಬೇಕು?

ನಮ್ಮ ಬಳಗದ ಒಬ್ಬರ ಚಿಕ್ಕಪ್ಪ ಚನ್ನಗಿರಿ ಕಡೆಯವರು. ಅಡಿಕೆ ಕೊಯ್ಲಿನಲ್ಲಿ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಆಪರೇಷನ್ ಆಯ್ತು, ಎದ್ದು ಓಡಾಡುವ ಹಾಗೂ ಆದರು. ಮನೆಗೆ ಬಂದ ಮೇಲೆ ಬೇರೆ ಕಥೆ ಶುರುವಾಯ್ತು. ಬೆಳಿಗ್ಗೆ ಮಾತ್ರೆ ನುಂಗಿ ಒಂದು ಗಂಟೆ ಆಗುವಷ್ಟರಲ್ಲಿ ತೂಕಡಿಕೆ. ಕಾಫಿ ಲೋಟ ಕೈಯಲ್ಲಿದ್ದ ಹಾಗೇ ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ನೋಡಲು ಬಂದ ನೆಂಟರು ‘ಮಲಗಿ ಮಲಗಿ ರೂಢಿ ಆಗಿಬಿಟ್ಟಿದೆ’ ಅಂದರು. ಚಿಕ್ಕಮ್ಮನೂ ಒಂದು ದಿನ ಸಿಟ್ಟಿನಲ್ಲಿ ಅದನ್ನೇ ಅಂದರು. ಎರಡು ತಿಂಗಳಾದ ಮೇಲೆ, ಬೇರೇನೋ ಕೆಲಸಕ್ಕೆ ಹೋದಾಗ ಚೀಟಿ ನೋಡಿದ ನರ್ಸಮ್ಮ ಒಬ್ಬರು ‘ಈ ಮೂರೂ ಮಾತ್ರೆ ಮಂಪರು ಬರಿಸೋವೇ ಅಲ್ವಾ, ನಿಮಗೆ ಹೇಳಿಲ್ವಾ?’ ಅಂತ ಕೇಳಿದರು. ಅಷ್ಟರಲ್ಲಿ ಚಿಕ್ಕಪ್ಪ ತೋಟದ ದಾರಿಯಲ್ಲಿ ಒಂದು ಸಲ ಬೈಕಿನಿಂದ ಬಿದ್ದೂ ಆಗಿತ್ತು.

ಹೇಳಿರಲಿಲ್ಲ. ಮಾತ್ರೆ ಬರೆದವರೂ ಹೇಳಿರಲಿಲ್ಲ, ಕೊಟ್ಟವರೂ ಹೇಳಿರಲಿಲ್ಲ. ನಮ್ಮ ಜಗಳ ಇರುವುದು ಈ ಮೌನದ ಜೊತೆ.

ಮೊದಲು ಮಾತ್ರೆ ವಿಷಯ ಸರಿಯಾಗಿ ತಿಳಿದುಕೊಳ್ಳೋಣ. ಬೆನ್ನಿಗೆ ಜೋರು ಪೆಟ್ಟು ಬಿದ್ದಾಗ ಮೂಳೆಯ ಜೊತೆ ನರಕ್ಕೂ ಏಟಾಗಿರುತ್ತದೆ. ಕಾಲಿಗೆ ಬೆಂಕಿ ಇಟ್ಟ ಹಾಗೆ ಉರಿ, ಕರೆಂಟ್ ಹೊಡೆದ ಹಾಗೆ ಸೆಳೆತ ಬರುವುದು ಅದರಿಂದ. ಅದಕ್ಕೆ ಸಾಮಾನ್ಯವಾಗಿ ಬರೆಯುವುದು ಪ್ರೀಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್. ಎಷ್ಟೋ ಸಲ ಅದರ ಜೊತೆಗೆ ಒಂದೇ ಮಾತ್ರೆಯೊಳಗೆ ನಾರ್‌ಟ್ರಿಪ್ಟಿಲಿನ್ ಕೂಡ ಸೇರಿರುತ್ತದೆ. ಸ್ನಾಯು ಸಡಿಲ ಆಗಲಿ ಅಂತ ಟಿಜಾನಿಡಿನ್. ನೋವು ತಡೆಯಲಾಗದಿದ್ದರೆ ಟ್ರಮಡಾಲ್. ಇವೆಲ್ಲ ಕೆಲಸ ಮಾಡುವುದು ನರ ಮತ್ತು ಮೆದುಳಿನ ಮೇಲೆ. ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದನ್ನು ತಗ್ಗಿಸುವಾಗ ಎಚ್ಚರವನ್ನೂ ತಗ್ಗಿಸುತ್ತವೆ. ಮಂಪರು, ತಲೆ ತಿರುಗು ಇವು ಅಪರೂಪಕ್ಕೆ ಯಾರಿಗೋ ಆಗುವ ತೊಂದರೆಗಳಲ್ಲ, ಪ್ರೀಗ್ಯಾಬಲಿನ್ ವಿಷಯದಲ್ಲಂತೂ ಪಟ್ಟಿಯ ತುದಿಯಲ್ಲೇ ಇರುವಂಥವು. ಶುರುವಿನ ದಿನಗಳಲ್ಲಿ ಮತ್ತು ಡೋಸ್ ಏರಿಸಿದಾಗ ಜಾಸ್ತಿ. ಎರಡು ಮೂರು ಸೇರಿದರೆ ಒಂದರ ಮಂಪರಿಗೆ ಇನ್ನೊಂದರದ್ದು ಕೂಡಿಕೊಳ್ಳುತ್ತದೆ. ನೆಗಡಿಗೆ ಅಂತ ಅಂಗಡಿಯಲ್ಲಿ ಕೇಳಿ ತಗೊಂಡ ಸಿಟ್ರಿಜಿನ್ನೂ ಅದಕ್ಕೇ ಸೇರುತ್ತದೆ. ಮೇಲೆ ಒಂದು ಕ್ವಾರ್ಟರ್ ಬಿದ್ದರೆ ಉಸಿರಾಟಕ್ಕೇ ಕುತ್ತು. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್‌ಗಳನ್ನು ಟ್ರಮಡಾಲ್ ಥರದ ಮಾತ್ರೆ ಜೊತೆ ತಗೊಂಡರೆ, ಅದರಲ್ಲೂ ವಯಸ್ಸಾದವರಿಗೆ ಮತ್ತು ಶ್ವಾಸಕೋಶದ ಕಾಯಿಲೆ ಇದ್ದವರಿಗೆ, ಉಸಿರಾಟದ ತೊಂದರೆ ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಹೊರಡಿಸಿದೆ.

ಮಾತ್ರೆ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ನರದ ನೋವು ಅನುಭವಿಸಿದವರಿಗೆ ಅದರ ಬೆಲೆ ಗೊತ್ತು. ಚಿಕ್ಕಪ್ಪನಿಗೆ ರಾತ್ರಿ ಒರಗಲು ಸಾಧ್ಯವಾಗಿದ್ದೇ ಅದರಿಂದ.

ಆದರೆ ಆ ಮಾತ್ರೆ ನುಂಗಿದ ಮನುಷ್ಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ ಅನ್ನುವುದನ್ನು ಬರೆಯುವವರು ಒಂದು ಸಲ ಯೋಚಿಸಿದ್ದಾರಾ? ಕಚೇರಿ ಕುರ್ಚಿಯಲ್ಲಿ ಕೂತು ತೂಕಡಿಸಿದರೆ ಫೈಲ್ ತಡ ಆಗಬಹುದು. ಚನ್ನಗಿರಿಯಲ್ಲಿ ದೋಟಿ ಹಿಡಿದು ಮೇಲೆ ನೋಡುತ್ತಾ ನಿಂತವನಿಗೆ ತಲೆ ತಿರುಗಿದರೆ ಗೊನೆ ಎಲ್ಲಿ ಬೀಳುತ್ತದೆ? ಹೊನ್ನಾಳಿ ಕಡೆ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕೂತವನ ಕಣ್ಣು ಒಂದು ಕ್ಷಣ ಮುಚ್ಚಿದರೆ ಸಾಕು. ನ್ಯಾಮತಿಯಲ್ಲಿ ಮೆಕ್ಕೆಜೋಳದ ಮಿಷನ್ ಬಾಯಿಗೆ ತೆನೆ ಹಾಕುವ ಕೈ ಯಾವ ಮಂಪರನ್ನೂ ತಡೆದುಕೊಳ್ಳುವುದಿಲ್ಲ. ಇನ್ನು ಜಗಳೂರು. ಬೋರ್‌ವೆಲ್ ನಂಬಿದ ಬಯಲುಸೀಮೆ. ತ್ರೀಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೇ ಹೋಗಬೇಕು. ‘ರಾತ್ರಿ ಮಲಗೋ ಮುಂಚೆ ಒಂದು’ ಅಂತ ಬರೆದ ಮಾತ್ರೆ ನುಂಗಿ, ಎರಡು ಗಂಟೆಗೆ ಎದ್ದು, ಟಾರ್ಚ್ ಹಿಡಿದು, ಒದ್ದೆ ಕಾಲಲ್ಲಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವ ರೈತನ ಬಗ್ಗೆ ಯಾವ ಚೀಟಿಯಲ್ಲೂ ಒಂದಕ್ಷರ ಇರುವುದಿಲ್ಲ.

‘ರೆಸ್ಟ್ ತಗೊಳ್ಳಿ’ ಅಂತ ಬಾಯಲ್ಲಿ ಹೇಳಿರುತ್ತಾರೆ, ನಿಜ. ಮೂರು ತಿಂಗಳ ರೆಸ್ಟ್ ಅಂದರೆ ದಿನಗೂಲಿ ಮನೆಯಲ್ಲಿ ಮೂರು ತಿಂಗಳ ಸಂಘದ ಕಂತು ನಿಂತ ಹಾಗೆ. ಹಾಗಾಗಿ ಅವರು ಕೆಲಸಕ್ಕೆ ಹೋಗಿಯೇ ಹೋಗುತ್ತಾರೆ. ಹೋಗುವವರಿಗೆ ಬೇಕಾಗಿರುವುದು ನಿರ್ದಿಷ್ಟವಾದ ಮಾತು: ಈ ಮಾತ್ರೆ ತಗೊಂಡ ಮೇಲೆ ಇಷ್ಟು ಹೊತ್ತು ಗಾಡಿ ಬೇಡ, ಮರ ಬೇಡ, ಮಿಷನ್ ಬೇಡ.

ಇದನ್ನು ಕೇಳಿದಾಗ ಡಾಕ್ಟರುಗಳ ಕಡೆಯಿಂದ ಬರುವ ಉತ್ತರ ಎರಡು. ಒಂದು, ಒಪಿಡಿಯಲ್ಲಿ ಕ್ಯೂ ಬಾಗಿಲಾಚೆ ಇರುತ್ತದೆ, ಟೈಮ್ ಎಲ್ಲಿದೆ? ಒಪ್ಪುತ್ತೇವೆ, ಸಾಲು ನಾವೂ ನಿಂತಿದ್ದೇವೆ. ಆದರೆ ಈ ಬರಹದ ತಲೆಬರಹವನ್ನು ಗಟ್ಟಿಯಾಗಿ ಓದಿ ನೋಡಿ, ಐದು ಸೆಕೆಂಡ್ ಹಿಡಿಯುವುದಿಲ್ಲ. ಎರಡನೆಯದು ಇನ್ನೂ ವಿಚಿತ್ರ: ‘ನಿದ್ದೆ ಬರುತ್ತೆ ಅಂತ ಹೇಳಿದರೆ ಹಳ್ಳಿ ಜನ ಹೆದರಿ ಮಾತ್ರೆ ಬಿಟ್ಟುಬಿಡ್ತಾರೆ.’ ನಾವು ನೋಡಿದ್ದು ಇದರ ಉಲ್ಟಾ. ಹೇಳದೇ ಇದ್ದದ್ದಕ್ಕೇ ಬಿಡುತ್ತಾರೆ. ಕಾರಣ ಗೊತ್ತಿಲ್ಲದ ಮಂಪರು ಬಂದಾಗ ‘ಇದು ಪವರ್ ಜಾಸ್ತಿ’ ಅಂತ ಶೀಟನ್ನೇ ಎಸೆಯುತ್ತಾರೆ. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್‌ಗಳನ್ನು ಏಕಾಏಕಿ ನಿಲ್ಲಿಸುವುದು ಅಪಾಯ. ನಿದ್ದೆ ಕೆಡುತ್ತದೆ, ಬೆವರು, ಕಳವಳ ಶುರುವಾಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮೊದಲೇ ‘ಒಂದೆರಡು ವಾರ ಹೀಗಿರುತ್ತೆ, ಜಾಸ್ತಿ ಆದರೆ ಬನ್ನಿ, ಡೋಸ್ ಬದಲಾಯಿಸೋಣ’ ಅಂದಿದ್ದರೆ ಬಿಡುತ್ತಿದ್ದರಾ? ಹಳ್ಳಿಯವರಿಗೆ ಅರ್ಥ ಆಗಲ್ಲ ಅನ್ನುವ ಈ ಅನುಕೂಲದ ನಂಬಿಕೆಯೇ ನಮಗೆ ಹೆಚ್ಚು ಸಿಟ್ಟು ತರಿಸುವುದು.

ಇನ್ನು ಮೆಡಿಕಲ್ ಶಾಪ್. ಮಾತ್ರೆ ಕೊಡುವಾಗ ಫಾರ್ಮಸಿಸ್ಟ್ ರೋಗಿಗೆ ತಿಳಿಸಿ ಹೇಳಬೇಕು, ಅದರಲ್ಲಿ ಅಡ್ಡಪರಿಣಾಮದ ವಿಷಯವೂ ಸೇರಬೇಕು ಅಂತ ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ನಿಯಮಾವಳಿ ಹೇಳುತ್ತದೆ. ನಿಯಮ ಬಂದು ಹತ್ತು ವರ್ಷ ದಾಟಿತು. ನಮ್ಮಲ್ಲಿ ಆಗುವುದೇನು? ಕತ್ತರಿ ತೆಗೆದು ಶೀಟನ್ನು ಅರ್ಧಕ್ಕೆ ಕತ್ತರಿಸಿ, ಕಾಗದದ ಪೊಟ್ಟಣಕ್ಕೆ ಹಾಕಿ, ಮೇಲೆ ಒಂದು-ಸೊನ್ನೆ-ಒಂದು ಅಂತ ಗೀಚಿ ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಕೆಲವೊಮ್ಮೆ ಮಾತ್ರೆಯ ಹೆಸರೂ ಉಳಿದಿರುವುದಿಲ್ಲ. ಉಳಿದರೂ ಎಚ್ಚರಿಕೆ ಇರುವುದು ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಡಾಕ್ಟರ್ ಚೀಟಿ ಇಲ್ಲದೆ ಮಾರಬೇಡಿ ಅಂತ ಅಂಗಡಿಯವನಿಗೆ ಹೇಳುವ ಮಾತು. ನುಂಗುವವನಿಗೆ ಏನೂ ಇಲ್ಲ.

ಬೇರೆ ಕಡೆ ಹೇಗಿದೆ ನೋಡಿ. ಬ್ರಿಟನ್ನಿನಲ್ಲಿ ಇಂಥ ಮಾತ್ರೆ ಕೊಡುವಾಗ ಔಷಧಿ ಅಂಗಡಿಯವರೇ ಲೇಬಲ್ ಅಂಟಿಸುತ್ತಾರೆ. ಈ ಔಷಧಿಯಿಂದ ನಿದ್ದೆ ಬರಬಹುದು, ಹಾಗಾದರೆ ಗಾಡಿ, ಉಪಕರಣ, ಯಂತ್ರ ಬಳಸಬೇಡಿ ಅಂತ ಅದರಲ್ಲಿ ಇರುತ್ತದೆ. ಫ್ರಾನ್ಸಿನಲ್ಲಿ ಓದು ಬರದವರಿಗೂ ತಿಳಿಯುವ ಹಾಗೆ ಡಬ್ಬಿ ಮೇಲೆ ಕಾರಿನ ಚಿತ್ರ ಇರುವ ತ್ರಿಕೋನ: ಹಳದಿ ಇದ್ದರೆ ಹುಷಾರು, ಕಿತ್ತಳೆ ಇದ್ದರೆ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳದೆ ಓಡಿಸಬೇಡಿ, ಕೆಂಪು ಇದ್ದರೆ ಓಡಿಸಲೇಬೇಡಿ. ಬೀಡಿ ಕಟ್ಟಿನ ಮೇಲೆ ಅಷ್ಟು ದೊಡ್ಡ ಚಿತ್ರ ಹಾಕಿಸಿದ ಸರ್ಕಾರಕ್ಕೆ ಮಾತ್ರೆ ಶೀಟಿನ ಮೇಲೆ ಒಂದು ಸಣ್ಣ ತ್ರಿಕೋನ ಹಾಕಿಸುವುದು ಆಗದ ಕೆಲಸವೇ? ಡ್ರಗ್ ಪ್ರಭಾವದಲ್ಲಿ ಹಿಡಿತ ತಪ್ಪಿ ಗಾಡಿ ಓಡಿಸಿದರೆ ಅಪರಾಧ ಅಂತ 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಹೇಳುತ್ತದೆ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯಡಿ ತಂದರು. ಅಂದರೆ ಇವು ಎಂಥ ಮಾತ್ರೆಗಳು ಅನ್ನುವುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನು ನುಂಗುವವನೊಬ್ಬನೇ.

ಸರ್ಕಾರಿ ಡಾಕ್ಟರುಗಳು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಅಂತ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಒಳ್ಳೆಯದೇ. ಆದರೆ ‘ಪ್ರೀಗ್ಯಾಬಲಿನ್’ ಅಂತ ಕನ್ನಡ ಅಕ್ಷರದಲ್ಲಿ ಬರೆದುಬಿಟ್ಟರೆ ನಮ್ಮ ಚಿಕ್ಕಪ್ಪನಿಗೆ ಏನು ತಿಳಿಯುತ್ತಿತ್ತು? ಹೆಸರು ಇಂಗ್ಲಿಷಿನಲ್ಲೇ ಇರಲಿ, ಕೆಳಗೆ ‘ನಿದ್ದೆ ಬರುತ್ತೆ’ ಅನ್ನುವ ಎರಡು ಪದ ಕನ್ನಡದಲ್ಲಿರಲಿ.

ಓದುತ್ತಿರುವವರ ಮನೆಯಲ್ಲಿ ಇಂಥ ಮಾತ್ರೆ ನುಂಗುವವರಿದ್ದರೆ ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಎಲ್ಲ ಶೀಟು, ಶುಗರ್-ಬಿಪಿ ಮಾತ್ರೆ ಸಮೇತ, ಒಂದು ಕವರಿಗೆ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ. ಯಾವುದು ನಿದ್ದೆ ಬರಿಸುತ್ತೆ, ಹಗಲಿನದನ್ನು ಕಡಿಮೆ ಮಾಡಬಹುದಾ ಅಂತ ಕೇಳಿ. ಕಿಡ್ನಿ ತೊಂದರೆ ಇದ್ದರೆ ಮೊದಲು ಅದನ್ನೇ ಹೇಳಿ, ಏಕೆಂದರೆ ಈ ಮಾತ್ರೆಗಳಲ್ಲಿ ಕೆಲವು ಕಿಡ್ನಿ ಮೂಲಕವೇ ಹೊರಹೋಗಬೇಕು, ಇಲ್ಲದಿದ್ದರೆ ಮೈಯಲ್ಲೇ ಉಳಿಯುತ್ತವೆ. ಕರೆದರೂ ಏಳದಿದ್ದರೆ, ಉಸಿರು ನಿಧಾನವಾದರೆ ‘ಮಲಗಲಿ ಬಿಡು’ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಬೆನ್ನಿಗೆ ಪೆಟ್ಟಾದವರಿಗೆ ಒಂದಕ್ಕೆ-ಎರಡಕ್ಕೆ ಹಿಡಿತ ತಪ್ಪಿದರೆ, ತೊಡೆ ಸಂದಿ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ ಅದು ಮಾತ್ರೆಯ ಮಂಪರಲ್ಲ. ಅದೇ ದಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು.

ಚಿಕ್ಕಪ್ಪನ ಡೋಸನ್ನು ಈಗ ಬದಲಾಯಿಸಿದ್ದಾರೆ, ಹೆಚ್ಚಿನದು ರಾತ್ರಿಗೆ ಹೋಗಿದೆ. ಚಿಕ್ಕಮ್ಮ ಮಾತ್ರೆ ಡಬ್ಬಿ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ ‘ಗಾಡಿ ಇಲ್ಲ’ ಅಂತ ಬರೆದಿಟ್ಟಿದ್ದಾರೆ.

ಈ ಬರಹವನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಆರೋಗ್ಯಾಧಿಕಾರಿಗಳಿಗೂ ಜಿಲ್ಲೆಯ ಔಷಧ ನಿಯಂತ್ರಣ ಇಲಾಖೆಗೂ ಕಳಿಸುತ್ತಿದ್ದೇವೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇವೆ.