ತುಂಗಭದ್ರೆಯ ಗೇಟು: ಫಲವನ್ನಷ್ಟೇ ನೋಡಿ ನಿರ್ಧಾರವನ್ನು ಅಳೆಯಬಹುದೇ?

ಬಳ್ಳಾರಿ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 105 ಟಿಎಂಸಿಯಷ್ಟು ತುಂಬಿ ನಿಂತಿದ್ದ ಜಲಾಶಯ ಬರಿದಾಗತೊಡಗಿದಾಗ ಸಿರುಗುಪ್ಪ, ಕುರುಗೋಡು ಭಾಗದ ಭತ್ತದ ಬೆಳೆಗಾರರು ಕಂಗಾಲಾದರು.

ಆಗ ಅಧಿಕಾರಿಗಳ ಮುಂದಿದ್ದವು ಎರಡು ದಾರಿಗಳು. ಒಂದು, ಸುಮಾರು 60 ಟಿಎಂಸಿ ನೀರನ್ನು ನದಿಗೆ ಬಿಟ್ಟು, ಮಟ್ಟ ಇಳಿದ ಮೇಲೆ ದುರಸ್ತಿ ಕೈಗೊಳ್ಳುವುದು. ಇನ್ನೊಂದು, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸುವುದು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎರಡನೆಯದನ್ನೇ ಆರಿಸಿಕೊಳ್ಳಲಾಯಿತು. ಆಗಸ್ಟ್ 16ರಂದು ಮೊದಲ ಹಲಗೆ ಕೂಡಿತು. ಮರುದಿನ ಕೆಲಸ ಮುಗಿಯಿತು. ಜಲಾಶಯದಲ್ಲಿ 70 ಟಿಎಂಸಿಗೂ ಹೆಚ್ಚು ನೀರು ಉಳಿಯಿತು. ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನವನ್ನೂ ಅರ್ಪಿಸಿದರು.

ಇದು ದಿಟ್ಟ ನಿರ್ಧಾರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗೆಲುವಿನ ಸಂಭ್ರಮ ಹಿಂದಿನ ಲೋಪಗಳನ್ನು ಮರೆಮಾಚಬಾರದು. 1953ರಿಂದ ನೀರು ಹಿಡಿದಿರುವ ಅಣೆಕಟ್ಟೆಯ 33 ಗೇಟುಗಳಿಗೆ ತುರ್ತು ಬಳಕೆಯ ಒಂದೇ ಒಂದು ಸ್ಟಾಪ್‌ಲಾಗ್ ಗೇಟು ಸಿದ್ಧವಿರಲಿಲ್ಲ. ಅದನ್ನು ಇಟ್ಟುಕೊಳ್ಳದಿರುವುದೂ ವರ್ಷವರ್ಷವೂ ಮೌನವಾಗಿ ಕೈಗೊಂಡ ನಿರ್ಧಾರವೇ. ಅನಾಹುತ ಸಂಭವಿಸದ ಕಾರಣ ಅದು ಸರಿಯೆಂದೇ ತೋರುತ್ತಿತ್ತು.

ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸುವಂತೆ ಶಿಫಾರಸು ಮಾಡಿತು. ಆದರೂ 2025ರ ಮುಂಗಾರಿಗೆ ಮುನ್ನ 19ನೇ ಗೇಟು ಕೂಡ ಬದಲಾಗಲಿಲ್ಲ. ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಗೇಟು ಬದಲಿಸುವ ಕಾಮಗಾರಿಗಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು 2025ರ ನವೆಂಬರಿನಲ್ಲಿ ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿತು. ಸುರಕ್ಷತೆಯ ದೃಷ್ಟಿಯಿಂದ ಈ ತೀರ್ಮಾನ ಸರಿಯೇ. ಆದರೆ ಅದರ ಬೆಲೆಯನ್ನು ತೆತ್ತವರು ಸಭೆಯಲ್ಲಿ ಕುಳಿತವರಲ್ಲ. ಗುತ್ತಿಗೆಗೆ ಗದ್ದೆ ಹಿಡಿದವರು, ನಾಟಿಯ ಕೂಲಿಯನ್ನು ನಂಬಿದವರು.

ನಿರ್ಧಾರವನ್ನು ಅಳೆಯುವುದು ಹೇಗೆ? ಫಲ ಒಳ್ಳೆಯದಾದರೆ ಜಾಣತನ, ಕೆಟ್ಟರೆ ತಪ್ಪು ಎನ್ನುವುದು ಸುಲಭ. ಆ ಗಳಿಗೆಯಲ್ಲಿ ಏನು ತಿಳಿದಿತ್ತು, ಯಾವ ಪರ್ಯಾಯಗಳಿದ್ದವು, ವಿರುದ್ಧ ದನಿಯನ್ನು ಕೇಳಲಾಯಿತೇ ಎಂಬುದೇ ನಿಜವಾದ ಅಳತೆಗೋಲು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಪ್ರತಿ ಮುಖ್ಯ ತೀರ್ಮಾನಕ್ಕೂ ಒಂದು ಪುಟದ ಟಿಪ್ಪಣಿ ಸಾಕು: ಕಾರಣ, ಕೈಬಿಟ್ಟ ಪರ್ಯಾಯ, ಹೊಣೆಗಾರ, ಮರುಪರಿಶೀಲನೆಯ ದಿನಾಂಕ. 'ಮುಂದೂಡಲಾಗಿದೆ' ಎಂಬುದಕ್ಕೂ ಇದೇ ನಿಯಮ ಅನ್ವಯವಾಗಬೇಕು. ಗೇಟಿನ ಬಳಿ ದಿನವೂ ದುಡಿಯುವ ಕೆಳಹಂತದ ಸಿಬ್ಬಂದಿಯ ಮಾತಿಗೂ ಅದರಲ್ಲಿ ಜಾಗವಿರಬೇಕು. ನೀರಿನ ತೀರ್ಮಾನ ರೈತ ಬೀಜ, ಗೊಬ್ಬರ ಕೊಳ್ಳುವುದಕ್ಕೆ ಮೊದಲೇ ಪ್ರಕಟವಾಗಬೇಕು.

ಏಕೆಂದರೆ ಕಚೇರಿಯ ತೀರ್ಮಾನ ತಡವಾದಷ್ಟೂ ಕಾಲುವೆಯ ಕೊನೆಯಲ್ಲಿರುವ ರೈತ ಕತ್ತಲಲ್ಲೇ ತನ್ನ ತೀರ್ಮಾನ ಕೈಗೊಳ್ಳಬೇಕಾಗುತ್ತದೆ. ಅವನಿಗೆ ಅದನ್ನು ಮುಂದೂಡುವ ಅನುಕೂಲವಿಲ್ಲ.